ದೇರಪ್ಪನವರು ನುಂಗಿದ ಗುಟುಕು

ಮಾದಾಪುರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದೇರಪ್ಪನವರು ಅರ್ಧ ದಿನದ ಪ್ರಥಮ ಚಿಕಿತ್ಸೆ ತರಬೇತಿ ಮುಗಿಸಿ ಬಂದವರೇ ಮುಕ್ಕಾಲು ಡಾಕ್ಟರಾಗಿಬಿಟ್ಟರು! "ಇನ್ನು ನಮ್ಮ ಕೆಲಸದವರ ಲೈನುಮನೆಗಳಲ್ಲಿ ತಪ್ಪಿ ವಿಷ ನುಂಗಿ ಒಬ್ಬನೂ ಸಾಯೂದಿಲ್ಲ. ನಾನಿದ್ದೇನೆ!" ಎಂದು ಸಾರಿದರು. "ವಾಂತಿ ಮಾಡಿಸ್ಬಾರ್ದು. ಉಪ್ಪುನೀರು ಕುಡಿಸ್ಬಾರ್ದು. ಬಾಟಲಿ ಸಮೇತ ಸೀದಾ ಆಸ್ಪತ್ರೆಗೆ!" ಎಂದು ಕೆಲಸದವರಿಗೂ ಹೆಂಡತಿ ಬೊಳ್ಳಮ್ಮನವರಿಗೂ ಬಾಯಿಪಾಠ ಮಾಡಿಸಿದರು.

ಭಾನುವಾರ ಬೊಳ್ಳಮ್ಮ ಒಲೆಯ ಮೇಲೆ ಹಂದಿಮಾಂಸ ಇಟ್ಟಿದ್ದರು. ದೇರಪ್ಪ ಮೆಲ್ಲಗೆ ಉಗ್ರಾಣಕ್ಕೆ ನುಸುಳಿದರು. ಕುಡಿತ ಬಿಟ್ಟೆನೆಂದು ಹೆಂಡತಿಯ ತಲೆ ಮುಟ್ಟಿ ಆಣೆ ಮಾಡಿ ಎರಡು ತಿಂಗಳಾಗಿತ್ತು. ಆದರೆ ಅಕ್ಕಿಮೂಟೆಯ ಹಿಂದಿನ ರಮ್ ಬಾಟಲಿ ಆಣೆ ಮಾಡಿರಲಿಲ್ಲವಲ್ಲ! ರುಚಿ ನೋಡುವ ವ್ಯವಧಾನವಿಲ್ಲದೆ ಒಂದು ದೊಡ್ಡ ಗುಟುಕನ್ನು ನೇರ ಗಂಟಲಿಗೆ ಇಳಿಸಿದರು.

ಗಂಟಲಿಗೆ ಬೆಂಕಿ ಬಿತ್ತು! ಆಗ ನೆನಪಾಯಿತು. ಹೋದ ತಿಂಗಳು ಉಳಿದ ಕಳೆನಾಶಕವನ್ನು ಇಂಥದೇ ರಮ್ ಬಾಟಲಿಗೆ ತುಂಬಿಸಿ ಇದೇ ಉಗ್ರಾಣದಲ್ಲಿಟ್ಟವರು ಸಾಕ್ಷಾತ್ ಪ್ರಥಮ ಚಿಕಿತ್ಸಾ ಪ್ರವೀಣ ದೇರಪ್ಪನವರೇ! ಅವರಿಗೆ ನಿಜಕ್ಕೂ ಜೀವಭಯವಾಯಿತು. ಕಲಿತ ಪಾಠವೆಲ್ಲ ಮರೆತುಹೋಯಿತು.

"ಬೊಳ್ಳಮ್ಮಾ, ಕಳೆಮದ್ದು ಕುಡ್ದುಬಿಟ್ಟೆ! ಉಪ್ಪುನೀರು ತಾ, ವಾಂತಿ ಮಾಡ್ಬೇಕು!"

"ಮಾಡ್ಬಾರ್ದು ಅಂತ ನೀವೇ ಹೇಳಿದ್ದಲ್ವಾ?" ಬೊಳ್ಳಮ್ಮ ಓಡಿಬಂದು ಬಾಟಲಿ ಕಸಿದು ಮೂಸಿದರು. ಅವರ ಮುಖ ಗಂಭೀರವಾಯಿತು. "ಬಾಯಿ ಮುಕ್ಕಳಿಸಿ ಸುಮ್ನೆ ಕೂತ್ಕೊಳ್ಳಿ. ಎಷ್ಟು ಕುಡ್ದದ್ದು? ಡಾಕ್ಟ್ರು ಕೇಳ್ತಾರೆ."

"ಒಂದೇ ಗುಟುಕು ಮಾರಾಯ್ತಿ! ರಮ್ ಅಂತ ಕುಡ್ದೆ!"

"ಬೇರೆ ಬಾಟಲಿ ಎಲ್ಲೆಲ್ಲ ಇಟ್ಟಿದ್ದೀರಿ? ಯಾವುದರಲ್ಲಿ ಎಂತ ಉಂಟೋ!"

ಸಾಯುವವನಿಗೆ ಗುಟ್ಟು ಯಾಕೆ? "ಸೌದೆ ಕೊಟ್ಟಿಗೆಯಲ್ಲೊಂದು. ಜೇನುಪೆಟ್ಟಿಗೆ ಹಿಂದೊಂದು. ಸ್ಕೂಟರಿನ ಸೀಟಿನಡಿ ಒಂದು ಕ್ವಾರ್ಟರ್." ದೇರಪ್ಪನವರ ಕಣ್ಣು ತುಂಬಿತು. "ನಿನ್ನಂಥ ಹೆಂಡ್ತಿಗೆ ಮೋಸ ಮಾಡ್ಬಿಟ್ಟೆ ಬೊಳ್ಳಮ್ಮ."

"ಮುಗೀತಾ?"

"ಮುಗೀತು. ಬೇಗ ಜೀಪು ಕರಿ!"

ಬೊಳ್ಳಮ್ಮ ಜೀಪು ಕರೆಯಲಿಲ್ಲ. ನೇರ ಅಡುಗೆಮನೆಗೆ ನಡೆದು, ಬಾಟಲಿಯಿಂದ ಎರಡು ಚಮಚ ಅಳೆದು ಕುದಿಯುವ ಹಂದಿ ಸಾರಿಗೆ ಸುರಿದರು.

"ಅಯ್ಯೋ, ಅದು ವಿಷ!"

"ಕಾಚಂಪುಳಿ! ಹಂದಿಗೆ ಹಾಕುವ ಹುಳಿ ಗೊತ್ತಾಗ್ಲಿಲ್ವಾ? ನಿಮ್ಮ ರಮ್ ಮೊನ್ನೆಯೇ ಚರಂಡಿಗೆ ಹೋಯ್ತು. ಆ ಬಾಟಲಿಗೆ ಇದನ್ನು ತುಂಬಿಸಿ ಅಲ್ಲೇ ಇಟ್ಟೆ. ನೀವಿಟ್ಟ ಕಳೆಮದ್ದನ್ನು ಅವತ್ತೇ ಎಸ್ಟೇಟ್ ಗೋದಾಮಿಗೆ ಕಳಿಸಿದ್ದೆ, ಅಲ್ಲಿ ಭದ್ರ ಉಂಟು."

ದೇರಪ್ಪನವರಿಗೆ ಹೋದ ಜೀವ ಬಂತು. ಜೊತೆಗೆ ಸಿಟ್ಟೂ ಬಂತು. "ಮೂಸಿದಾಗಲೇ ಗೊತ್ತಿತ್ತಾ? ಆಗಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಆ ಮೂರೂ ಸಿಗ್ತಿತ್ತಾ?" ಎಂದು ಬೊಳ್ಳಮ್ಮ ಸೆರಗು ಸಿಕ್ಕಿಸಿಕೊಂಡು ಸೌದೆ ಕೊಟ್ಟಿಗೆಯತ್ತ ಹೊರಟರು.