ಗಾಳಿ ತೆಗೆಯುವವನ ಸೀಕರಣೆ

ಕೆಲಸವೇನು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೇಷ್ಟ್ರು, ಡ್ರೈವರು, ರೇಷ್ಮೆ ವ್ಯಾಪಾರಿ ಎಂದರೆ ಸಾಕು, ಕೇಳಿದವರು ತಲೆಯಾಡಿಸಿ ಕಾಫಿಗೆ ಕೈಹಾಕುತ್ತಾರೆ. ನಾನು ಶ್ರೀನಿವಾಸಪುರದ ಹತ್ತಿರ ಮಾವಿನ ತಿರುಳಿನ ಕಾರ್ಖಾನೆಯೊಂದರಲ್ಲಿ ತಿರುಳಿನೊಳಗಿನ ಗಾಳಿ ತೆಗೆಯುತ್ತೇನೆ. ಹಾಗೆಂದ ಕೂಡಲೇ ಎದುರಿನವರು ಲೋಟ ಕೆಳಗಿಡುತ್ತಾರೆ. ಹಣ್ಣು ಅರೆಯುವಾಗ ಗಾಳಿ ಸೇರುತ್ತದೆ, ಅದರ ಆಮ್ಲಜನಕ ತಿರುಳಿನಲ್ಲಿ ಕರಗಿ ಕೂತು ಬಣ್ಣವನ್ನು ಕಂದು ಮಾಡುತ್ತದೆ, ರುಚಿ ಕೆಡಿಸುತ್ತದೆ. ಅದಕ್ಕೇ ಡಬ್ಬಿಗೆ ತುಂಬುವ ಮೊದಲು ತಿರುಳನ್ನು ಎತ್ತರದ ಉಕ್ಕಿನ ತೊಟ್ಟಿಯೊಳಗೆ ತೆಳ್ಳಗೆ ಸಿಂಪಡಿಸಿ, ಪಂಪಿನಿಂದ ಗಾಳಿಯನ್ನೆಲ್ಲ ಎಳೆದುಬಿಡುತ್ತೇವೆ ಎಂದು ನಾನು ವಿವರಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ತಾಯಲೂರಿನ ನಮ್ಮ ಅತ್ತೆ ನನ್ನ ಮದುವೆಯ ಹೊಸದರಲ್ಲಿ ಇದನ್ನೆಲ್ಲ ಕೇಳಿ, "ಕಣ್ಣಿಗೆ ಕಾಣದ್ದನ್ನ ತೆಗೆದ್ರೆ ಸಂಬಳ ಕೊಡ್ತಾರಾ? ಪೋನೀ ಬಿಡಪ್ಪ, ಒಳ್ಳೆ ಜನ" ಎಂದು ನಮ್ಮ ಮಾಲೀಕರನ್ನು ಹೊಗಳಿದ್ದರು.

ಈ ಸಲ ಮಾವಿನ ಕಾಲ ಮುಗಿಯುತ್ತಾ ಬಂದಾಗ ಮಾಲೂರಿನಲ್ಲಿರುವ ನಮ್ಮ ಮಗಳು ಸುಮ ಬಸುರಿ. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಿಂತದ್ದು ತಾಯಲೂರಿನ ಅಜ್ಜಿಯ ಹಿತ್ತಲ ಮರದ ಹಣ್ಣಿನ ಸೀಕರಣೆ ಮಾತ್ರ. "ಅಪ್ಪಾ, ಸೀಮಂತಕ್ಕೂ ಇದೇ ಬೇಕು" ಎಂದಳು. ಸೀಮಂತ ದಸರಾ ಕಳೆದ ಮೇಲೆ. ಆಗ ಮಾವಿನಹಣ್ಣು ಎಲ್ಲಿಂದ ಬರಬೇಕು? ಆ ಮರವೂ ಈ ವರ್ಷ ಮುನಿಸಿಕೊಂಡಿತ್ತು, ಉಳಿದದ್ದು ಒಂದು ಬುಟ್ಟಿ ಹಣ್ಣು. ಆದರೂ ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟೆ. ಹೆಂಡತಿ ಪದ್ಮ, "ತಿರುಳು ತೆಗೆದು ಫ್ರಿಜ್ಜಲ್ಲಿಟ್ರೆ ಸಾಲ್ದಾ?" ಎಂದಳು. "ಅದರೊಳಗಿನ ಗಾಳಿ ಏನ್ಮಾಡ್ತೀಯೇ?" ಎಂದು ನಾನು ಕೇಳಿದ ಗತ್ತಿಗೆ ಅವಳು, "ನಿಮ್ಮಿಷ್ಟ" ಎಂದಳು. ಅವಳು ಹಾಗೆಂದಾಗ ನಾನು ಹುಷಾರಾಗಬೇಕಿತ್ತು.

ಮುಳಬಾಗಿಲಿನಲ್ಲಿ ಫ್ರಿಜ್ ರಿಪೇರಿ ಮಾಡುವ ಅನ್ವರ್ ನನ್ನ ಶಾಲೆಯ ಗೆಳೆಯ. ಫ್ರಿಜ್ಜಿನ ಕೊಳವೆಯಿಂದ ಗಾಳಿ ಎಳೆಯುವ ಪಂಪು ಅವನ ಹತ್ತಿರ ಉಂಟು. ಭಾನುವಾರ ಅದನ್ನು ಹೊತ್ತು ಬಂದವನು ನಮ್ಮ ಕುಕ್ಕರನ್ನೂ ನನ್ನನ್ನೂ ನೋಡಿ, "ಯೋಚ್ನೆ ಮಾಡು ಯಾರ್, ಭಾಬಿ ಇಲ್ಲೇ ಇದಾರೆ" ಎಂದ. ನಾನು ಕೇಳಲಿಲ್ಲ. ಜಾಗ ಬಿಟ್ಟರೆ ಅಲ್ಲಿ ಗಾಳಿ ಕೂರುತ್ತದೆಂದು ತಿರುಳನ್ನು ಕುಕ್ಕರಿನ ಕಂಠದವರೆಗೆ ತುಂಬಿದೆ, ಮುಚ್ಚಳ ಹಾಕಿ ವಿಸಿಲ್ ಕೂರುವಲ್ಲಿ ಕೊಳವೆ ಸಿಕ್ಕಿಸಿದೆ. ನಮ್ಮ ಕಾರ್ಖಾನೆಯ ತೊಟ್ಟಿ ಮುಕ್ಕಾಲು ಪಾಲು ಖಾಲಿ ಇರುತ್ತದೆ. ಏಕೆಂದು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅಂದು ಗೊತ್ತಾಯಿತು. ಗಾಳಿ ಹೊರಡುವಾಗ ತಿರುಳು ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕುತ್ತದೆ. ಉಕ್ಕಲು ಜಾಗವಿಲ್ಲದಿದ್ದರೆ ಗಾಳಿಯ ಜೊತೆಗೇ ಹೊರಡುತ್ತದೆ. ಕೊಳವೆ ಹಳದಿಯಾಯಿತು. ಪಂಪು ಕೆಮ್ಮಿತು, ಗೊರಗೊರ ಎಂದಿತು, ಅಜ್ಜಿಯ ಮರದ ಮುಕ್ಕಾಲು ಫಸಲನ್ನು ನುಂಗಿ ನಿಂತುಬಿಟ್ಟಿತು. ಅಡುಗೆಮನೆಯ ಬಾಗಿಲಲ್ಲಿ ಹಣ್ಣಿನ ಬುಟ್ಟಿ ಹೊತ್ತು ತಂದಿದ್ದ ಅತ್ತೆ, ಪಕ್ಕದಲ್ಲಿ ಪದ್ಮ. ನಿಜ ಹೇಳಬೇಕೆಂದರೆ ನನಗೆ ಅಳುವೇ ಬಂತು. ಸಂಜೆ ಸುಮ ಫೋನ್ ಮಾಡಿ, "ಏನಪ್ಪಾ, ಆಯ್ತಾ?" ಎಂದಳು. "ಗಾಳಿ ಪೂರ್ತಿ ಹೋಗಿದೆ ಕಣಮ್ಮ" ಎಂದೆ. ಅಷ್ಟರಮಟ್ಟಿಗೆ ಸುಳ್ಳಲ್ಲ.

ಅನ್ವರನ ಪಂಪು ತೊಳೆಯುವುದರಲ್ಲಿ ಮಧ್ಯಾಹ್ನವೆಲ್ಲ ಹೋಗಿತ್ತು. ಇಂದಿಗೂ ಅವನು ಯಾರ ಮನೆಯ ಫ್ರಿಜ್ ಬಿಚ್ಚಿದರೂ ಪಂಪಿನ ವಾಸನೆಗೆ ಆ ಮನೆಯವರು ಮಾವಿನಹಣ್ಣು ಹುಡುಕುತ್ತಾರಂತೆ. ತೊಳೆದು ಮುಗಿಸುವಷ್ಟರಲ್ಲಿ ಕುಕ್ಕರಿನ ತಳದಲ್ಲಿ ಉಳಿದ ತಿರುಳು ಕಂದು ತಿರುಗಿತ್ತು. ಅತ್ತೆ ಅದನ್ನು ಬಳಿದುಕೊಂಡು, ಬೆಲ್ಲ ಕಲಸಿ, ಮರುದಿನ ಬೆಳಿಗ್ಗೆ ಮಹಡಿಯ ಮೇಲೆ ಈಚಲು ಚಾಪೆಗೆ ಸವರುತ್ತಿದ್ದರು. ಅದು ತಾಂಡ್ರ, ತಿರುಳನ್ನು ಒಣಗಿಸಿ ಚರ್ಮದಂತೆ ಸುಲಿದು ಮಡಚಿಡುವ ತಿಂಡಿ.

"ಅತ್ತೆ, ಬಿಸ್ಲು ಗಾಳಿ ಎರಡೂ ತಾಗಿದ್ರೆ ಇನ್ನೂ ಕಪ್ಪಾಗುತ್ತೆ" ಎಂದೆ.

"ಆಗ್ಲಿ ಅಂತಲೇ ಹಾಕ್ತಿರೋದು. ನೀನು ಸ್ವಲ್ಪ ಆ ಕಡೆ ನಿಂತ್ಕೋ, ಗಾಳಿಗೆ ಅಡ್ಡ ಬರ್ತಾ ಇದೀಯ."

ಸೀಮಂತದ ದಿನ ಹಸಿರು ಬಳೆ ತೊಟ್ಟು ಕೂತ ಸುಮ ಎಲೆಯ ಮೇಲೆ ಸೀಕರಣೆ ಹುಡುಕುತ್ತಿದ್ದಳು. ಬಾಯಿಪಾಠ ಮಾಡಿಕೊಂಡಿದ್ದ ಸಮಜಾಯಿಷಿ ಶುರು ಮಾಡುವ ಮೊದಲೇ ಅತ್ತೆ ಸೆರಗಿನೊಳಗಿಂದ ಮಡಚಿದ ಕಪ್ಪಗಿನ ತಾಂಡ್ರದ ಚೂರೊಂದನ್ನು ತೆಗೆದು ಅವಳ ಬಾಯಿಗಿಟ್ಟರು. ಅವಳು ಕಣ್ಣು ಮುಚ್ಚಿ ಅಗಿದಳು. "ನಮ್ಮ ಮರದ್ದೇ" ಎಂದಳು, ಇನ್ನೊಂದು ಚೂರಿಗೆ ಕೈ ಚಾಚಿದಳು. ಸೀಕರಣೆಯ ಮಾತೇ ಎತ್ತಲಿಲ್ಲ. ಬೀಗಿತ್ತಿಗೂ ಒಂದು ಚೂರು ಸಿಕ್ಕಿತು. "ಯಾರು ಮಾಡಿದ್ದು ಇದು?" ಎಂದು ಅವರು ಕೇಳಿದಾಗ ಪದ್ಮ ನನ್ನ ಕಡೆ ನೋಡಿ, "ಶುರು ಮಾಡಿದ್ದು ಇವ್ರೇ" ಎಂದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನ್ನನ್ನು ಇಷ್ಟು ಮರ್ಯಾದೆಯಿಂದ ಯಾರೂ ಕಾಪಾಡಿಲ್ಲ.

ಮರುದಿನ ಕಾರ್ಖಾನೆಗೆ ಹೋದೆ. ಮಾವು ಮುಗಿದು ಟೊಮೆಟೊ ನಡೆಯುತ್ತಿತ್ತು. ತಂದು ತೋರಿಸಿದ ಮಾದರಿ ಬಾಟಲಿಯಲ್ಲಿ ಕೆಂಪು ಒಂದು ಎಳೆ ಕಂದು ತಿರುಗಿತ್ತು. ಗಾಳಿ ಸರಿಯಾಗಿ ತೆಗೆದಿಲ್ಲವೆಂದು ಪಾಳಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕಂದು ಬಣ್ಣದ್ದನ್ನು ಮನುಷ್ಯರಾದವರು ತಿನ್ನುತ್ತಾರೇನ್ರೀ ಎಂದು ಚೆನ್ನಾಗಿ ಉಗಿದೆ. ಅವರಿಗೆ ನನ್ನ ಮಾತು ಅರ್ಧಕ್ಕರ್ಧ ತಿಳಿಯಲಿಲ್ಲ. ನನ್ನ ಬಾಯಲ್ಲಿ ತಾಂಡ್ರವಿತ್ತು.