ಕೋಟೆಗೆ ವಯಸ್ಸು ಬರಿಸಿದ್ದು

ಹೊಸದನ್ನು ಹಳೆಯದಾಗಿ ಕಾಣಿಸುವ ಕೆಲಸಕ್ಕೆ ಕೈಹಾಕಿ ನೋಡಿ, ನಿಮ್ಮನ್ನು ತಿದ್ದುವ ಪುಣ್ಯಾತ್ಮರು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತಾರೆ. ನಾನಾಗ ಮಧುಗಿರಿಯ ಸ್ಕೂಲೊಂದರಲ್ಲಿ ಹಂಗಾಮಿ ಡ್ರಾಯಿಂಗ್ ಮೇಷ್ಟ್ರು. ಹಂಗಾಮಿ ಅಂದರೆ, ರಜಕ್ಕೆ "ಹೋಗಿಬನ್ನಿ" ಅಂದವರು ರಜ ಮುಗಿದ ಮೇಲೆ ಒಳಗೆ ಬಿಡುತ್ತಾರೋ ಇಲ್ಲವೋ ಅನ್ನುವ ಬದುಕು. ಒಂದು ದಿನ ಹೆಡ್‌ಮಾಸ್ತರು ಕರೆದು, ಮೈಸೂರಿನ ವಸ್ತುಪ್ರದರ್ಶನಕ್ಕೆ ಮಿಡಿಗೇಶಿ ಕೋಟೆಯ ಮಾದರಿ ಮಾಡಿ, ಅಮಲ್ದಾರರು ಒಪ್ಪಿದರೆ ನಿಮ್ಮ ಕೆಲಸ ಖಾಯಂ ಮಾಡಲು ಬರೆಯುತ್ತೇನೆ ಅಂದರು. ಮನೆಯಲ್ಲಿ ಹೆಂಡತಿ ತುಂಬಿದ ಬಸುರಿ. ಅವತ್ತೇ ಶುರುಮಾಡಿದೆ.

೧. ಮಸಿ

ರದ್ದಿ ಕಾಗದ ನೆನೆಹಾಕಿ, ಮೆಂತ್ಯದ ಜೊತೆ ಅಮ್ಮನ ಕೈಲೇ ರುಬ್ಬಿಸಿ, ಆ ಮುದ್ದೆಯಲ್ಲಿ ಎರಡು ಮೊಳದ ಬೆಟ್ಟ ಮಾಡಿದೆ. ಅದರ ಮೇಲೆ ರಟ್ಟಿನ ಗೋಡೆ, ಬುರುಜು, ಬಾಗಿಲು. ಕಲ್ಲಿನ ಬಣ್ಣ ಹಚ್ಚಿದಾಗ ಬೀದಿಯವರೆಲ್ಲ ಬಂದು ಹೊಗಳಿದರು. ನನಗೆ ಮಾತ್ರ ಅದು ನಿನ್ನೆ ಕಟ್ಟಿದ ಛತ್ರದ ಹಾಗೆ ಕಂಡಿತು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಚಿಂದಿಬಟ್ಟೆಯಲ್ಲಿ ಅದ್ದಿ, ಗೋಡೆಯ ಮೇಲೆ ಮಳೆನೀರು ಇಳಿದ ಕಲೆ ಮೂಡಿಸುತ್ತಾ ಕೂತೆ.

ಅಷ್ಟು ಚಂದದ ಕೋಟೆಗೆ ನಾನೇ ಮಸಿ ಬಳಿಯುವುದನ್ನು ಹಿಂದೆ ನಿಂತು ನೋಡುತ್ತಿದ್ದ ಅಮ್ಮ ಸೀದಾ ಅಡಿಗೆಮನೆಗೆ ಹೋಗಿ, ನನ್ನ ಗಂಡುಮಗನ ಮನಸ್ಸು ಕೆಡೋ ಹಾಗೆ ಏನಂದೆಯೇ ಅಂತ ಹೆಂಡತಿಯನ್ನು ಗದರಿಕೊಂಡಳು. ಸಂಜೆ ನನಗೆ ಮೆಣಸಿನಕಾಯಿ ನಿವಾಳಿಸಿದಳು. ಹಾಗೇ ಇರಲಿ ಅಂತ ಕೋಟೆಗೂ ನಿವಾಳಿಸಿ, ಅದರ ಪಕ್ಕದಲ್ಲೇ ಕೆಂಡಕ್ಕೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮುತ್ತಾ ಬೀದಿಗೆ ಓಡಿದೆವು. ವಾಪಸ್ಸು ಬಂದು ನೋಡಿದರೆ, ನಾನು ಎಂಟು ದಿನದಿಂದ ಒದ್ದಾಡಿದರೂ ಬಾರದಿದ್ದ ಬಣ್ಣ ಆ ಹೊಗೆಗೆ ಬಂದಿತ್ತು.

೨. ಬಿದ್ದ ಗೋಡೆ

ಕೋಟೆಯನ್ನು ಸ್ಕೂಲಿಗೆ ಹೊತ್ತು ತಂದಿಟ್ಟ ಮೇಲೆ, ಮಗನನ್ನು ಸೇರಿಸಲು ಬಂದಿದ್ದ ಮಿಡಿಗೇಶಿಯ ಯಜಮಾನರೊಬ್ಬರು ಮಾದರಿಯ ಸುತ್ತ ಮೂರು ಸುತ್ತು ಬಂದರು.

"ಈ ಮೂಲೆ ಗೋಡೆ ನಮ್ಮಜ್ಜನ ಕಾಲದಾಗೇ ಬಿದ್ದೋಗೈತೆ ಕಣ್ ಮೇಷ್ಟ್ರೇ," ಅಂದರು.

ಚಾಕು ತಗೊಂಡು ಗೋಡೆ ಕೆಡವಿದೆ. ಬಿದ್ದ ಕಲ್ಲುಗಳೆಂದು ಕೆಳಗೆ ನಾಲ್ಕು ಹರಳು ಅಂಟಿಸಿದೆ. ಅವರು ತಲೆಯಾಡಿಸಿ, ಅಲ್ಲಿ ಒಂದು ಕಲ್ಲೂ ಇಲ್ಲ, ಎಲ್ಲಾ ನಮ್ಮ ಕೊಟ್ಟಿಗೆ ಗೋಡೇಲವೆ ಅಂದರು. ಹರಳನ್ನೂ ಕಿತ್ತೆ. ಆಮೇಲೆ, ಇದನ್ನ ಯಾರು ನೋಡ್ತಾರೆ ಅಂತ ಕೇಳಿದರು. ಅಮಲ್ದಾರರು ಅಂದೆ.

ಯಜಮಾನರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು, ಮೆಲ್ಲಗೆ ಅಂದರು: "ಗೋಡೆ ನಿಲ್ಸೇ ಬುಡಿ ಸಾಮಿ. ನೆನ್ನೆ ಸಂಜೆ ನಾನ್ ನೋಡ್ದಾಗ ನಿಂತೇ ಇತ್ತು."

೩. ಸುಣ್ಣ

ಅಮಲ್ದಾರರು ಬರುವ ದಿನ ಬೆಳಿಗ್ಗೆ ಸ್ಕೂಲಿಗೆ ಹೋದರೆ ಬಾಗಿಲಲ್ಲೇ ಜವಾನ ನಿಂತಿದ್ದ. ವಯಸ್ಸಾದವನು, ನನ್ನ ಕಂಡರೆ ಪ್ರಾಣ. ಕೈಯಲ್ಲಿ ಸುಣ್ಣದ ಕುಂಚ. ದೊಡ್ಡವರು ಬರುತ್ತಾರೆಂದು ಸ್ಕೂಲಿಗೆಲ್ಲ ಸುಣ್ಣ ಬಳಿದಿದ್ದ. ಒಳಗೆ ನನ್ನ ಕೋಟೆ ಮಸಿ ಹಿಡಿದು ಕೂತಿದ್ದು ಕಂಡು ಅವನ ಕರುಳು ಚುರ್ ಅಂದಿತ್ತು.

"ಕೋಟೆ ಬಾಗ್ಲು, ಕೆಳಗಿನ ಗೋಡೆ ಬಳ್ದಾಯ್ತು. ಮೇಲಿಂದು ಆಗ್ನಿಲ್ಲ, ಸುಣ್ಣ ಮುಗ್ದೋಯ್ತು," ಅಂದ. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿಯನ್ನೂ ಎಳೆದಿದ್ದ. ಎರಡು ತಿಂಗಳ ಕೆಲಸ! ಬೈಯಲು ಬಾಯಿ ತೆರೆದೆ. ಅವನು, ನಿಮ್ಮ ಕೆಲಸ ಖಾಯಮಾದ್ರೆ ಸಾಕು ಸಾಮಿ ಅಂತ ನಕ್ಕುಬಿಟ್ಟ. ಅವನ ಕೈಯಿಂದ ಕುಂಚ ಇಸಕೊಂಡು ಮೂಲೆಗಿಟ್ಟೆ.

ಅಷ್ಟರಲ್ಲಿ ಅಮಲ್ದಾರರ ಜಟಕಾ ಬಂತು. ಅವರು ಬಗ್ಗಿ ನೋಡಿ, ಕೋಟೆ ಹೀಗೇ ಇದೆಯೋ ಎಂದರು. ಕೋಟೆಯನ್ನೇ ಕಾಣದ ಹೆಡ್‌ಮಾಸ್ತರು, ತದ್ವತ್ ಹೀಗೇ ಸ್ವಾಮಿ ಅಂದುಬಿಟ್ಟರು. ಸರಿ, ಬುಧವಾರ ಮಿಡಿಗೇಶಿಗೆ ಹೋಗುತ್ತೇನೆ, ಮೇಷ್ಟ್ರೂ ಬರಲಿ, ತಾಳೆ ನೋಡಿಯೇ ಕಳಿಸೋಣ, ಅಲ್ಲಿಯವರೆಗೆ ಇದನ್ನು ಮುಟ್ಟಬೇಡಿ ಅಂದು ಹೊರಟರು.

ಬುಧವಾರ ಮಿಡಿಗೇಶಿಗೆ ಹೋದೆವು. ಕೆಲಸ ಹೋಯಿತೆಂದು ಹೆಂಡತಿಗೆ ಹೇಳುವುದು ಹೇಗೆಂದು ಯೋಚಿಸುತ್ತಲೇ ಅಮಲ್ದಾರರ ಹಿಂದೆ ನಡೆದೆ. ತಿರುವು ದಾಟಿ ತಲೆ ಎತ್ತಿದೆ. ಕೋಟೆಯ ಬಾಗಿಲು, ಕೆಳಗಿನ ಗೋಡೆ ಬೆಳ್ಳಗೆ ಹೊಳೆಯುತ್ತಿದ್ದವು. ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ. ನಾನು ಕೆಡವಿದ್ದ ಮೂಲೆ ಗೋಡೆ ಅಲ್ಲೂ ಬಿದ್ದೇ ಇತ್ತು. ಅಮಲ್ದಾರರು ಬರುತ್ತಾರೆಂದು ಊರವರು ಸುಣ್ಣ ಬಳಿದಿದ್ದರು. ಯಾವ ಸಾಹೇಬರೂ ಬಾಗಿಲು ದಾಟಿ ಹತ್ತಿದವರಲ್ಲ, ಆದ್ದರಿಂದ ಮೇಲಿನ ಗೋಡೆಗಳನ್ನು ಮುಟ್ಟಿರಲಿಲ್ಲ.

"ಭೇಷ್ ಮೇಷ್ಟ್ರೇ, ಎಳ್ಳಷ್ಟೂ ವ್ಯತ್ಯಾಸವಿಲ್ಲ," ಅಂದರು ಅಮಲ್ದಾರರು. ನನಗೆ ಅಲ್ಲೇ ಅಳು ಬಂತು.

ಖಾಯಂ ಆದ ದಿನ ಜವಾನನಿಗೆ ಎಲ್ಲ ಹೇಳಿದೆ. ಕೇಳಿ ಅವನು ನಿಟ್ಟುಸಿರುಬಿಟ್ಟ.

"ನೋಡಿದ್ರಾ? ನೀವು ಮಾಡಿದಂಗೇ ಬುಟ್ಟಿದ್ರೆ ಏನ್ ಗತಿ ಆಗೋದು!"