ಮಖಮಲ್ ಎಂಬ ಜೇಡದ ಪೆಟ್ಟಿಗೆಗೆ ಚಿಮ್ಮುಬಾಲದ ಹುಳುಗಳ ನೇಮಕ

ಕನ್ನಡ ನೆರೆಹೊರೆ ಸಂಘ, ಕಾಚಿಗೂಡ, ಹೈದರಾಬಾದ್
ಕಟ್ಟಡ ಮತ್ತು ನೈರ್ಮಲ್ಯ ವಿಭಾಗ

ಕ್ರಮಾಂಕ: ಕ.ನೈ.ವಿ./ಜೇಡ/ಮಳೆಗಾಲ/೧

ವಿಷಯ: ವಿಜ್ಞಾನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಬಿಳಿ ಹುಳುಗಳು ಕಂಡುಬಂದದ್ದು, ಅವುಗಳನ್ನು ಕೊಲ್ಲಲು ಆದೇಶಿಸಿದ್ದು, ಆದೇಶ ಹಿಂಪಡೆದು ಅವುಗಳಿಗೇ ಕೆಲಸ ಕೊಟ್ಟದ್ದು.

ಉಲ್ಲೇಖ: (೧) ಕುಮಾರಿ ನಿರೀಕ್ಷಾ ಅವರ ಮೌಖಿಕ ವಿನಂತಿ.
(೨) ಅದೇ ವಿನಂತಿ, ಸ್ವಲ್ಪ ಏರಿದ ದನಿಯಲ್ಲಿ.

ಪ್ರಸ್ತಾವನೆ:

ಸಂಘದ ನೆಲಮಹಡಿಯ ಮಕ್ಕಳ ವಿಜ್ಞಾನ ಕೋಣೆಯಲ್ಲಿ ಅಂಗೈ ಅಗಲದ, ಮೈತುಂಬ ರೋಮವಿರುವ ಟಾರಂಟುಲಾ ಜಾತಿಯ ಹೆಣ್ಣು ಜೇಡವೊಂದು ವಾಸವಾಗಿರುವುದು ಸದಸ್ಯರಿಗೆ ತಿಳಿದ ವಿಷಯ. ಅದನ್ನು ಸಾಕುತ್ತಿರುವವರು ಗಚ್ಚಿಬೌಲಿಯ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಸಂಶೋಧನೆ ಮಾಡುತ್ತಿರುವ ಕುಮಾರಿ ನಿರೀಕ್ಷಾ. ಜೇಡಕ್ಕೆ ಮಖಮಲ್ ಎಂದು ಹೆಸರಿಟ್ಟವರು ಮಕ್ಕಳು. ಹೆಸರಿಡುವ ಮುನ್ನ ವಿಭಾಗದ ಅನುಮತಿ ಪಡೆದಿಲ್ಲ, ಆದರೂ ಮನ್ನಿಸಲಾಗಿದೆ.

ಕೆಳಗೆ ಸಹಿ ಮಾಡಿರುವ ಶ್ರೀ ನರಹರಿ (ಇನ್ನು ಮುಂದೆ ‘ಕೆಳಸಹಿದಾರರು’) ರಕ್ಷಣಾ ಕಾರ್ಖಾನೆಯೊಂದರ ತಪಾಸಣಾ ವಿಭಾಗದಿಂದ ನಿವೃತ್ತರಾದವರು. ಸಂಘದ ನೈರ್ಮಲ್ಯದ ಹೊಣೆಯನ್ನು ಯಾರೂ ಕೇಳದಿದ್ದರೂ ವಹಿಸಿಕೊಂಡವರು. ಅವರು ದಿನಾ ಬೆಳಿಗ್ಗೆ ಆ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಚಹಾ ಆರುವವರೆಗೆ ಕೂರುತ್ತಿದ್ದುದು ತಪಾಸಣೆಯೇ ಹೊರತು ಬೇರೇನೂ ಅಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

ಈ ಮಳೆಗಾಲದಲ್ಲಿ ಮಖಮಲ್ ಊಟ ಬಿಟ್ಟಿತು. ಹಾಕಿದ ಮಿಡತೆ ಮೂಲೆಯಲ್ಲೇ ಸತ್ತು, ಪೆಟ್ಟಿಗೆಯ ತಳಕ್ಕೆ ಹಾಸಿದ್ದ ತೆಂಗಿನ ನಾರಿನ ಪುಡಿಯ ಮೇಲೆ ಬೂಷ್ಟು ಹಬ್ಬತೊಡಗಿತು. ಕುಮಾರಿ ನಿರೀಕ್ಷಾ ಐಸ್‌ಕ್ರೀಮ್ ಡಬ್ಬಿಯೊಂದನ್ನು ತಂದರು. ಅದರೊಳಗೆ ಒದ್ದೆ ಇದ್ದಿಲು, ಇದ್ದಿಲ ಮೇಲೆ ಅಕ್ಕಿನುಚ್ಚಿಗಿಂತ ಸಣ್ಣ ಬಿಳಿ ಜೀವಿಗಳು. ಇವು ಇಂಗ್ಲಿಷಿನಲ್ಲಿ ಸ್ಪ್ರಿಂಗ್‌ಟೇಲ್. ಹೊಟ್ಟೆಯಡಿ ಮಡಚಿಟ್ಟ ಬಾಲವನ್ನು ನೆಲಕ್ಕೆ ಬಡಿದು ಮೇಲಕ್ಕೆ ಚಿಮ್ಮುವುದರಿಂದ ಈ ವಿಭಾಗವು ‘ಚಿಮ್ಮುಬಾಲ’ ಎಂದು ಕರೆದಿದೆ.

“ಕಾಕಾ, ಇವನ್ನ ಪೆಟ್ಟಿಗ್ಯಾಗ ಬಿಡ್ಲೇನ್ರಿ? ಬೂಷ್ಟು, ಹೊಲಸು ಎಲ್ಲಾ ಇವೇ ತಿಂತಾವ” ಎಂದು ಅವರು ಕೇಳಿದಾಗ ಕೆಳಸಹಿದಾರರು ನೀರಿನ ಟ್ಯಾಂಕರಿನವನೊಡನೆ ಫೋನಿನಲ್ಲಿ ಜಗಳವಾಡುತ್ತಿದ್ದರು. ಎರಡನೆಯ ಸಲ ಕೇಳಿದಾಗ “ಆತು, ಆತು” ಎಂದರು. ಆ ಮಾತು ಟ್ಯಾಂಕರಿನವನಿಗೆ ಹೇಳಿದ್ದಾಗಿತ್ತು.

ಮರುದಿನ ಪೆಟ್ಟಿಗೆಯ ಮುಚ್ಚಳ ಸರಿಸಿ ನೋಡಿದ ಕೆಳಸಹಿದಾರರಿಗೆ ಬೂಷ್ಟಿನ ತುಂಬ ಬಿಳಿ ಚುಕ್ಕೆಗಳು ಹಾರಾಡುವುದು ಕಂಡಿತು. ಮಖಮಲ್‌ಗೆ ಹುಳ ಬಿದ್ದಿವೆ ಎಂದು ಅವರು ತೀರ್ಮಾನಿಸಿದರು. ಭಾನುವಾರ ಅದೇ ಕೋಣೆಯಲ್ಲಿ ಮಕ್ಕಳ ಚಿತ್ರಸ್ಪರ್ಧೆ ಇತ್ತು. ಅವರು ಕೀಟನಾಶಕ ಹೊಡೆಯುವ ಸಾಯಿಕುಮಾರ ಅವರಿಗೆ ಭಾನುವಾರ ಬೆಳಿಗ್ಗೆಯೇ ಬಂದು ಪೆಟ್ಟಿಗೆ ಸಹಿತ ಇಡೀ ಕೋಣೆಗೆ ಮದ್ದು ಹೊಡೆಯುವಂತೆ ಆದೇಶಿಸಿದರು. ಜೇಡವನ್ನು ಅಷ್ಟು ಹೊತ್ತು ಬಕೆಟ್ಟಿನಲ್ಲಿ ಇಡುವುದೆಂದು ತೀರ್ಮಾನಿಸಲಾಗಿತ್ತು. ಬಕೆಟ್ಟಿಗೆ ಇಳಿಸುವವರು ಯಾರೆಂಬುದು ತೀರ್ಮಾನವಾಗಿರಲಿಲ್ಲ.

ಭಾನುವಾರ ಬಾಗಿಲು ತೆರೆದಾಗ ಮಖಮಲ್ ಬೆನ್ನಡಿಯಾಗಿ ಬಿದ್ದಿತ್ತು. ಎಂಟೂ ಕಾಲುಗಳು ಮೇಲೆ. ಅಲುಗಾಟವಿಲ್ಲ.

ಕೆಳಸಹಿದಾರರು ಕುರ್ಚಿಯ ಮೇಲೆ ಕೂತರು. ಅವರ ಕನ್ನಡಕ ಮಸುಕಾದುದಕ್ಕೆ ಕೋಣೆಯ ತೇವಾಂಶವೇ ಕಾರಣವೆಂದು ದಾಖಲಿಸಿಕೊಳ್ಳಲಾಗಿದೆ. ಕಟ್ಟಡ ಗುಡಿಸುವ ಶ್ರೀಮತಿ ಸುಗಲಮ್ಮ ಬಂದು ನೋಡಿ, ಮುಡಿಯಲ್ಲಿದ್ದ ಚೆಂಡುಹೂವೊಂದನ್ನು ತೆಗೆದು ಮುಚ್ಚಳದ ಮೇಲಿಟ್ಟರು.

“ಮೊನ್ನಿ ನನ್ನ ನೋಡಿ ಎರಡೂ ಕೈ ಎತ್ತಿ ಶರಣು ಮಾಡಿತ್ರಿ ಸಾಹೇಬ್ರ. ಭಾಳ ಮರ್ಯಾದಿ ಇತ್ತು ಅದಕ್ಕ” ಎಂದರು.

ಅಷ್ಟರಲ್ಲಿ ಸಾಯಿಕುಮಾರ ಬೆನ್ನಿಗೆ ಡಬ್ಬ ಏರಿಸಿಕೊಂಡು, ಕೊಳವೆ ಹಿಡಿದು ಒಳಗೆ ಬಂದರು. “ಅದು ಹೋಯ್ತು ಕದಾ ಸಾರ್? ಮಂಚಿದಿ, ಒಳ್ಳೇದೇ ಆಯ್ತು, ಬಕೆಟ್ ಕೆಲಸ ತಪ್ಪಿತು. ಹೊಡೆದುಬಿಡ್ತೀನಿ.”

“ಬ್ಯಾಡ ತಮ್ಮಾ. ಹೆಣ ಇರೋ ಕೋಣ್ಯಾಗ ಮದ್ದು ಹೊಡ್ಯಾದು ಚಂದ ಅಲ್ಲ. ಮೊದಲ ಅದನ್ನ ಮಣ್ಣ ಮಾಡೂಣು” ಎಂದರು ಕೆಳಸಹಿದಾರರು.

“ಹುಳಕ್ಕೂ ಹೆಣ ಅಂತೀರಾ ಸಾರ್? ನಂಗೆ ಶಂಶಾಬಾದಿನಲ್ಲಿ ಇನ್ನೊಂದು ಮನೆ ಐತೆ. ಲೇಟ್ ಆಗುತ್ತೆ.”

“ಆಗ್ಲಿ. ಹೊರಗ ಕುಂದ್ರು. ಚಾ ಕುಡಿ.”

ಸಾಯಿಕುಮಾರ ಹೊರಗೆ ಕೂತರು. ಮಣ್ಣು ಮಾಡುವ ಮುನ್ನ ಸಾಕಿದವರಿಗೆ ತಿಳಿಸಬೇಕಲ್ಲವೇ ಎಂದು ಸುಗಲಮ್ಮ ನಿರೀಕ್ಷಾ ಅವರಿಗೆ ಫೋನು ಮಾಡಿ ಕೆಳಸಹಿದಾರರ ಕೈಗೆ ಕೊಟ್ಟರು. ಹೇಗೆ ಹೇಳುವುದೆಂದು ತಿಳಿಯದೆ ಅವರು ಮೊದಲು ಊಟ ಆಯಿತೇ ಎಂದು ವಿಚಾರಿಸಿದರು. ನಂತರ ವಿಷಯ ತಿಳಿಸಿದರು.

“ಬೆನ್ನಡಿ ಬಿದ್ದೈತೇನ್ರಿ?” ಎಂದರು ನಿರೀಕ್ಷಾ. “ಕಾಕಾ, ಮುಟ್ಟಬ್ಯಾಡ್ರಿ. ಸತ್ತಿಲ್ಲ ಅದು, ಪೊರಿ ಬಿಡಾಕತ್ತೈತಿ. ಅದಕ್ಕ ಊಟ ಬಿಟ್ಟಿತ್ತು. ಈಗ ಮೈಯೆಲ್ಲಾ ಮೆತ್ತಗ ಇರತೈತಿ, ಮುಟ್ಟಿದ್ರ ಹೋಗೇ ಬಿಡತೈತಿ.”

“ಹುಳ ಅದಾವಲ್ಲವಾ ಒಳಗ?”

“ಅವು ಇರ್ಲಿ. ನಾನೇ ಬಿಟ್ಟಿದ್ದು, ನೀವೇ ಆತು ಅಂದ್ರಿ. ಮಿಡತಿ ಇದ್ರ ಮೆತ್ತನ್ನ ಮೈ ಕಚ್ಚತಾವ. ಇವು ಏನೂ ಮಾಡಂಗಿಲ್ಲ. ಪೆಟ್ಟಿಗಿ ತೆರ್‍ಯಾಕ ಬರದ ದಿನದಾಗ ಒಳಗ ಕಸ ಬಳಿಯಾವ್ರು ಇವರ ಒಬ್ರು. ಮದ್ದು ಹೊಡಿಸಿಲ್ಲ ಅಲ್ಲಾ?”

ಕೆಳಸಹಿದಾರರು ಬಾಗಿಲಾಚೆ ಚಹಾ ಕುಡಿಯುತ್ತಿದ್ದ ಸಾಯಿಕುಮಾರರ ಡಬ್ಬವನ್ನು ನೋಡಿದರು. “ಇಲ್ಲ” ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತನಾಡಿದ್ದನ್ನು ಈ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ.

ಕೂಡಲೇ ಹೊರಟ ನಿರೀಕ್ಷಾ ಗಚ್ಚಿಬೌಲಿಯ ವಾಹನಗಳ ನಡುವೆ ಸಿಕ್ಕಿಕೊಂಡರು. ಸ್ಪರ್ಧೆಗೆ ಬಂದ ಮಕ್ಕಳನ್ನು ಕೆಳಸಹಿದಾರರು ತುಟಿಗೆ ಬೆರಳಿಟ್ಟು ಒಳಗೆ ಕರೆದು ನೆಲದ ಮೇಲೆ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಕಾಲೊಂದು ಕೈಗವಸಿನಿಂದ ಬೆರಳು ಜಾರಿದಂತೆ ಹಳೆಯ ಚರ್ಮದಿಂದ ಈಚೆ ಬಂತು. ಆಮೇಲೆ ಇನ್ನೊಂದು. ಬೆವರುತ್ತ ಒಳಬಂದ ನಿರೀಕ್ಷಾ ಬಾಗಿಲಲ್ಲೇ ನಿಂತರು. ಶಂಶಾಬಾದಿಗೆ ಹೋಗಬೇಕಾಗಿದ್ದ ಸಾಯಿಕುಮಾರ ಚಪ್ಪಲಿ ಹೊರಗೆ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಕೊನೆಗೆ ಒಣ ಚರ್ಮದ ಪಕ್ಕದಲ್ಲಿ ಹೊಸ ಮಖಮಲ್ ಒದ್ದೆಯಾಗಿ, ಕಡುಗಪ್ಪಾಗಿ, ಮೊದಲಿಗಿಂತ ದೊಡ್ಡದಾಗಿ ಮಲಗಿತ್ತು. ಮೂಲೆಯಲ್ಲಿ ಬೂಷ್ಟಿನ ಗುರುತೂ ಉಳಿದಿರಲಿಲ್ಲ.

ಆದೇಶ:

ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಈ ಮೂಲಕ ಸೂಚಿಸಲಾಗಿದೆ:

೧. ಚಿಮ್ಮುಬಾಲದ ಹುಳುಗಳನ್ನು ಪೆಟ್ಟಿಗೆಯ ಖಾಯಂ ನೈರ್ಮಲ್ಯ ಸಿಬ್ಬಂದಿಯಾಗಿ, ಅವು ಕೆಲಸ ಆರಂಭಿಸಿದ ದಿನದಿಂದಲೇ ಪೂರ್ವಾನ್ವಯವಾಗಿ ನೇಮಿಸಲಾಗಿದೆ. ಎಣಿಸಲು ಹೋದಾಗ ಹಾರಿದ್ದರಿಂದ ಸಿಬ್ಬಂದಿಯ ಒಟ್ಟು ಸಂಖ್ಯೆ ಲಭ್ಯವಿಲ್ಲ.

೨. ಕೆಲಸದ ವೇಳೆಯಲ್ಲಿ ಚಿಮ್ಮುವುದನ್ನು ಅಶಿಸ್ತೆಂದು ಪರಿಗಣಿಸತಕ್ಕದ್ದಲ್ಲ. ಈ ವಿನಾಯಿತಿಯನ್ನು ಸಂಘದ ಇತರ ಸಿಬ್ಬಂದಿ ಕೋರತಕ್ಕದ್ದಲ್ಲ.

೩. ಸಿಬ್ಬಂದಿಗೆ ತೇವ ಅತ್ಯಗತ್ಯವಾದ್ದರಿಂದ ಪೆಟ್ಟಿಗೆಯ ಒಂದು ಮೂಲೆಯನ್ನು ಸದಾ ಒದ್ದೆಯಾಗಿಡತಕ್ಕದ್ದು. ಕಟ್ಟಡದಲ್ಲಿ ನೀರು ಬಾರದ ದಿನ ಮೊದಲ ಲೋಟ ಈ ಮೂಲೆಗೆ, ಎರಡನೆಯದು ಅಧ್ಯಕ್ಷರಿಗೆ.

೪. ಜೇಡ ಮುಂಗಾಲುಗಳನ್ನೆತ್ತಿ ನಿಂತರೆ ಅದು ಬೆದರಿಕೆ, ಶರಣು ಅಲ್ಲ. ಈಗಾಗಲೇ ಪ್ರತಿಯಾಗಿ ಶರಣೆಂದಿರುವ ಸದಸ್ಯರು ಅದನ್ನು ಹಿಂಪಡೆಯಬೇಕಾಗಿಲ್ಲ.

೫. ಬೆನ್ನಡಿಯಾಗಿ ಮಲಗಿರುವ ಯಾರನ್ನೂ ಕುಮಾರಿ ನಿರೀಕ್ಷಾ ಅವರ ಅಭಿಪ್ರಾಯ ಪಡೆಯದೆ ಮೃತರೆಂದು ಘೋಷಿಸತಕ್ಕದ್ದಲ್ಲ. ಊಟದ ನಂತರ ಗ್ರಂಥಾಲಯದ ಬೆಂಚುಗಳ ಮೇಲೆ ಮಲಗುವ ಹಿರಿಯ ಸದಸ್ಯರಿಗೂ ಇದು ಅನ್ವಯಿಸುತ್ತದೆ.

೬. ಪೊರೆ ಬಿಡುವ ಅವಧಿಯನ್ನು ಹೆರಿಗೆ ರಜೆಯೆಂದು ಪರಿಗಣಿಸಬೇಕೆಂಬ ಶ್ರೀಮತಿ ಸುಗಲಮ್ಮನವರ ಸಲಹೆಯನ್ನು ಪರಿಶೀಲಿಸಲಾಯಿತು. ಹೊರಬಂದದ್ದೂ ತಾನೇ ಆದ್ದರಿಂದ ನಿಯಮ ಸ್ಪಷ್ಟವಿಲ್ಲ. ರಜೆ ಮಂಜೂರು ಮಾಡಲಾಗಿದೆ.

೭. ಕಳಚಿದ ಚರ್ಮವು ಸಂಘದ ಆಸ್ತಿ. ಅದನ್ನು ಹತ್ತಿಯ ಮೇಲಿಟ್ಟು ಪ್ರದರ್ಶಿಸಲಾಗುವುದು. ಅದನ್ನು ನೋಡಿ ಮಖಮಲ್ ಸತ್ತಿದೆಯೆಂದು ಯಾರೂ ಕೆಳಸಹಿದಾರರಿಗೆ ಫೋನು ಮಾಡಕೂಡದು. ಅವರ ವಯಸ್ಸನ್ನು ಗಮನದಲ್ಲಿಟ್ಟುಕೊಳ್ಳುವುದು.

೮. ಚಿತ್ರಸ್ಪರ್ಧೆಯಲ್ಲಿ ಎಲ್ಲ ಮಕ್ಕಳೂ ಜೇಡವನ್ನೇ ಬರೆದಿದ್ದಾರೆ. ನಿಗದಿಯಾದ ವಿಷಯ ‘ನನ್ನ ತಾಯಿ’ ಆಗಿತ್ತು. ಬಹುಮಾನ ಕೊಡಲಾಗಿದೆ, ತಾಯಂದಿರ ಆಕ್ಷೇಪಣೆಗಳನ್ನು ಲಿಖಿತವಾಗಿ ಸ್ವೀಕರಿಸಲಾಗುವುದು.

ಸಹಿ/-
ನರಹರಿ
ಗೌರವ ಕಾರ್ಯದರ್ಶಿ (ನೈರ್ಮಲ್ಯ)

ಪ್ರತಿಗಳು:
೧. ಶ್ರೀ ಕಲ್ಯಾಣಪ್ಪ, ಅಧ್ಯಕ್ಷರು — ಮಾಹಿತಿಗಾಗಿ; ಕಲಂ ೩ನ್ನು ಓದದಿರಲು ವಿನಂತಿ.
೨. ಕುಮಾರಿ ನಿರೀಕ್ಷಾ — ಕೃತಜ್ಞತೆಯೊಂದಿಗೆ.
೩. ಶ್ರೀ ಸಾಯಿಕುಮಾರ — ಮುಂದಿನ ಪೊರೆಗೆ ಮುಂಚಿತವಾಗಿ ತಿಳಿಸಲು ಕೋರಿರುವ ಮೇರೆಗೆ. ಹೆಂಡತಿ, ಮಕ್ಕಳನ್ನೂ ಕರೆತರಬಹುದು, ಡಬ್ಬ ಬೇಡ.
೪. ಮಖಮಲ್ — ಗಾಜಿನ ಹೊರಬದಿಯಲ್ಲಿ ಅಂಟಿಸುವುದು.
೫. ಚಿಮ್ಮುಬಾಲ ಸಿಬ್ಬಂದಿ — ಈ ಪ್ರತಿಯನ್ನು ಒದ್ದೆ ಮಾಡಿ ಒಳಗಿಡುವುದು. ಬೂಷ್ಟು ಬಂದ ಮೇಲೆ ಸೇವಿಸಲು ಅಡ್ಡಿಯಿಲ್ಲ.